‘ಘಾಚರ್ ಘೋಚರ್’ ಓದಿ ಬಳಗ ಎರಡಾಗಿದೆ: ಅನಿತಾಗೆ ಏನಾಯಿತು?

ಮಾಟುಂಗಾ ಓದುಬಳಗ

ಈ ತಿಂಗಳು ಓದಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಕೂಟದಲ್ಲಿ ಮಾತು ಮುಗಿಯಲಿಲ್ಲ. ಮುಂದಿನ ಭಾನುವಾರಕ್ಕೂ ಇದನ್ನೇ ಇಟ್ಟುಕೊಂಡಿದ್ದೇವೆ, ಅಷ್ಟರೊಳಗೆ ಇಲ್ಲಿ ಬರೆಯಿರಿ. ಕೊನೆಯ ಪುಟದ ಬಗ್ಗೆಯೇ ಮಾತು ನಡೆಯುವುದರಿಂದ ಓದದವರು ಇಲ್ಲಿಗೇ ನಿಲ್ಲಿಸಿ, ಓದಿಕೊಂಡು ಬನ್ನಿ. ಒಂದು ಸಂಜೆಗೆ ಮುಗಿಯುವ ಪುಸ್ತಕ.

ಬಳಗದಲ್ಲಿ ಎರಡು ಬಗೆಯ ಪ್ರತಿಗಳಿವೆ. ಕೆಲವರ ಕೈಯಲ್ಲಿ ಅಕ್ಷರ ಪ್ರಕಾಶನ 2013ರಲ್ಲಿ ತಂದ ಕನ್ನಡದ್ದು, ಕೆಲವರ ಕೈಯಲ್ಲಿ ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ. ಪುಟಸಂಖ್ಯೆ ತಾಳೆಯಾಗುವುದಿಲ್ಲ. ಆದ್ದರಿಂದ ಪುಟದ ಬದಲು ಪ್ರಸಂಗದ ಹೆಸರು ಹೇಳಿ: ಇರುವೆ, ಊಟಿಯ ಗಂಟು, ಬಾಗಿಲ ಮುಂದಿನ ಡಬ್ಬಿ, ಮಾಲತಿಯ ಒಡವೆ, ಹಿಂದಿನ ದಿನದ ಹರಟೆ, ಕೊನೆಯ ಲೋಟ. ಈ ಆರು ಹೆಸರಿದ್ದರೆ ಎಲ್ಲರಿಗೂ ಜಾಗ ಸಿಗುತ್ತದೆ.

ತಕರಾರು ಹೀಗಿದೆ. ನಿರೂಪಕನ ಹೆಂಡತಿ ಅನಿತಾ ತವರಿಗೆ ಹೋಗಿದ್ದಾಳೆ, ತಿರುಗಿ ಬಂದಳೋ ಇಲ್ಲವೋ ಎಂದು ಪುಸ್ತಕ ಬಾಯಿ ಬಿಟ್ಟು ಹೇಳುವುದಿಲ್ಲ. ಅರ್ಧ ಜನ, ಪುಸ್ತಕ ಹೇಳಬೇಕಾದದ್ದನ್ನು ಹೇಳದೆ ನುಣುಚಿಕೊಂಡಿದೆ ಎನ್ನುತ್ತಾರೆ. ಇನ್ನರ್ಧ, ಎಲ್ಲವನ್ನೂ ಹೇಳಿಯೇ ನಿಲ್ಲಿಸಿದೆ ಎನ್ನುತ್ತಾರೆ. ಇಷ್ಟವಾಯಿತೋ ಇಲ್ಲವೋ ಎಂದಷ್ಟೇ ಬರೆಯಬೇಡಿ. ಯಾವ ಪ್ರಸಂಗ, ಅಲ್ಲಿ ಯಾರು ಏನು ಮಾಡಿದರು, ಅದರಿಂದ ನಿಮಗೆ ಏನು ತಿಳಿಯಿತು, ಇಷ್ಟು ಬರೆಯಿರಿ.

ಡೊಂಬಿವಲಿ ಪೂರ್ವ

ನಾನು ಮೊದಲ ಅರ್ಧದವನು. ಕಾರಣ ಹೇಳುತ್ತೇನೆ.

ಒಂದು, ಇದನ್ನು ಕಾದಂಬರಿ ಎಂದು ಓದಿಸುತ್ತಿರುವುದೇ ತೊಂದರೆ. ಇದು ನೀಳ್ಗತೆಯ ಅಳತೆಯದು. ಇಂಗ್ಲಿಷಿಗೆ ಹೋಗಿ 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮೇಲೆ ಎಲ್ಲರೂ ಕಾದಂಬರಿ ಎನ್ನತೊಡಗಿದರು. ಕಾದಂಬರಿ ಎಂದುಕೊಂಡು ಕೂತವರು ಪಾತ್ರಗಳು ಬೆಳೆಯಲಿ ಎಂದು ಕಾಯುತ್ತಾರೆ. ನಿರೂಪಕನ ಸೋದರಿ ಮಾಲತಿಗೆ ಒಂದು ತುಣುಕು, ಅಪ್ಪನಿಗೆ ಒಂದು ತುಣುಕು, ಚಿತ್ರಾ ಎಂಬವಳು ಬಂದು ಹೋಗುತ್ತಾಳೆ. ಯಾರೂ ತಿರುಗಿ ಬಂದು ನಿಲ್ಲುವುದಿಲ್ಲ.

ಎರಡು, ಕೊನೆ. ನಿರೂಪಕ ಕಾಫಿ ಹೌಸಿನಲ್ಲಿ ಕೂತಿದ್ದಾನೆ, ಹೆಂಡತಿಯಿಂದ ಸುದ್ದಿಯಿಲ್ಲ, ಕೈಯಲ್ಲಿ ಲೋಟ ಒಡೆಯುತ್ತದೆ, ರಕ್ತ ಬರುತ್ತದೆ. ಮುಗಿಯಿತು. ಅವಳನ್ನು ಕೊಂದರೋ, ರೈಲು ತಡವಾಯಿತೋ, ತವರಲ್ಲೇ ಉಳಿದಳೋ? ಓದುಗ ತನಗೆ ಬೇಕಾದದ್ದನ್ನು ತುಂಬಿಕೊಳ್ಳಲಿ ಎಂದು ಬಿಟ್ಟರೆ ಲೇಖಕ ಒಂದು ಹೊಣೆ ಇಳಿಸಿಕೊಂಡಂತೆ.

ಮುಂಬಯಿಯ ಕನ್ನಡ ಓದುಗರಿಗೆ ಅನುಮಾನದ ಕಥೆ ಹೊಸದಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ 1979ರದು. ಅಲ್ಲಿ ನಾಯಕ ನಾಗಪ್ಪನ ಸುತ್ತ ಏನು ನಡೆಯುತ್ತಿದೆ ಎಂಬುದು ಪೂರ್ತಿ ತಿಳಿಯದಿದ್ದರೂ ಅವನ ತಲೆಯೊಳಗೆ ನಾವು ನೂರಾರು ಪುಟ ಕೂತಿರುತ್ತೇವೆ, ಆ ಭಯ ನಮ್ಮದೇ ಆಗುತ್ತದೆ. ಇಲ್ಲಿ ನಿರೂಪಕ ತನ್ನ ತಲೆಯೊಳಗೇ ನಮ್ಮನ್ನು ಬಿಟ್ಟುಕೊಳ್ಳುವುದಿಲ್ಲ.

ಕೋಥ್ರೂಡ್ ಪುಣೆ

ಡೊಂಬಿವಲಿಯವರ, ನಿಮ್ಮ ಕೊನೀ ವಾಕ್ಯ ಹಿಡಕೊಂಡೇ ಮಾತಾಡ್ತೀನ್ರಿ. “ತಲೆಯೊಳಗೇ ಬಿಟ್ಟುಕೊಳ್ಳುವುದಿಲ್ಲ” ಅಂದ್ರಿ. ಅದೇ ಅಲ್ಲೇನ್ರೀ ವಿಷಯ? ಅಂವ ತನ್ನ ತಲಿಯೊಳಗ ತಾನೇ ಹೋಗಂಗಿಲ್ಲ. ಹೋದ್ರ ಏನ್ ಕಾಣ್ತದ ಅಂತ ಅವಗ ಗೊತ್ತದ.

ಸಾಕ್ಷಿ ಎಣಿಸೋಣ.

ಇರುವೆ. ಹಳೇ ಮನ್ಯಾಗ ಇರುವೆ ಕಾಟ. ಮೊದಲು ಅನ್ನ ಸಕ್ಕರಿ ಕಾಪಾಡ್ಕೊಳ್ಳೋದಷ್ಟ ಕೆಲಸ. ಆಮ್ಯಾಲ ಕೊಲ್ಲೋದೇ ಒಂದು ರೂಢಿ ಆಗ್ತದ, ಮನಿಮಂದಿಗೆಲ್ಲ ಅದ್ರಾಗ ಒಂಥರಾ ಹುರುಪು. ಇದು ಬಡತನದ ಚಿತ್ರ ಅಂತ ಓದ್ಕೊಂಡು ಮುಂದ ಹೋದವರು ತಪ್ಪಿದ್ರು. ಈ ಮನಿಯವರು ಕೂಡಿ ಏನಾರ ಕೊಲ್ಲೋದನ್ನ ಪುಸ್ತಕ ತೋರಿಸೋದು ಅಲ್ಲೇ ಮೊದಲು.

ಒಡವಿ. ಮಾಲತಿ ಗಂಡನ ಮನಿ ಬಿಟ್ಟು ಬಂದಾಳ. ಒಡವಿ ತರಾಕ ಆಕಿ ಒಬ್ಬಾಕೀನೇ ಹೋಗಂಗಿಲ್ಲ, ಹಿಂದ ಮಂದಿ ಇರ್ತಾರ. ಅಂಥಾ ಮಂದಿ ಈ ಮನಿಗೆ ಕೈಗೆಟಕ್ತಾರ ಅನ್ನೋದು ಅಲ್ಲಿ ಗೊತ್ತಾಗ್ತದ.

ಡಬ್ಬಿ. ಚಿಕ್ಕಪ್ಪನ ಹುಡುಕ್ಕೊಂಡು ಒಬ್ಬ ಹೆಣ್ಮಗಳು ಮಸೂರ್ ಬ್ಯಾಳಿ ಮಾಡಿದ ಡಬ್ಬಿ ಹಿಡಕೊಂಡು ಬಾಗಲಕ್ಕ ಬರ್ತಾಳ. ಅಮ್ಮ, ಮಾಲತಿ ಆಕೀನ ಬೈದು ಬೈದು ಓಡಿಸ್ತಾರ. ಒಳಗಿದ್ದ ಗಂಡಸರು ಏನೂ ಮಾಡಂಗಿಲ್ಲ. ತಪ್ಪು ಅಂದಾಕಿ ಅನಿತಾ ಒಬ್ಬಾಕೀನ.

ಹರಟಿ. ಹಿಂದಿನ ದಿನ ಮನಿಯವರೆಲ್ಲ ಕೂತು ಕೊಲಿ ಮಾತು ಆಡ್ತಾರ, ಮಾಡಿದವರು ಸಿಕ್ಕೊಳ್ಳದ ಹೋಗೋದು ಎಷ್ಟು ಸಲೀಸು ಅನ್ನೋ ಧಾಟ್ಯಾಗ. ಆಗ ಅನಿತಾ ಮನ್ಯಾಗಿಲ್ಲ.

ಈ ನಾಲ್ಕನ್ನೂ ಒಂದರ ಮುಂದ ಒಂದು ಇಟ್ರ ಲೋಟ ಯಾಕ ಒಡೀತು ಅಂತ ಕೇಳೋ ಪ್ರಮೇಯನ ಇಲ್ಲ.

ಡೊಂಬಿವಲಿ ಪೂರ್ವ

ನಾಲ್ಕೂ ನಡತೆಯ ಸಾಕ್ಷಿಗಳು. ಕೃತ್ಯದ ಸಾಕ್ಷಿ ಒಂದೂ ಇಲ್ಲ. ಕ್ರೂರವಾಗಿ ಮಾತಾಡುವ ಮನೆಯವರೆಲ್ಲ ಕೊಲೆ ಮಾಡುವುದಿಲ್ಲ.

ವಾಶಿ ಮಸಾಲಾ ಬಜಾರ್

ಸಾಹಿತ್ಯದ ವಾದ ನೀವು ಮಾಡಿ, ನಾನು ಆ ಮನೆಯವರ ಮಸಾಲೆ ವ್ಯಾಪಾರ ‘ಸೋನಾ ಮಸಾಲ’ದ ಬಗ್ಗೆ ಬರೆಯುತ್ತೇನೆ. ಹಣ ಹೇಗೆ ಬಂತು ಎಂಬ ಭಾಗವನ್ನು ಬಳಗದಲ್ಲಿ ಯಾರೂ ಮುಟ್ಟಲಿಲ್ಲ, ಆದರೆ ಕಥೆಯ ಎಲುಬು ಇರುವುದು ಅಲ್ಲೇ.

ಅಪ್ಪ ಮಾರಾಟದ ಕೆಲಸದವನು. ಆ ಕೆಲಸ ಹೋದಾಗ ಕೈಗೆ ಬಂದ ಗಂಟು ಹಣವೇ ವ್ಯಾಪಾರದ ಬಂಡವಾಳ. ಚಿಕ್ಕಪ್ಪ ಮಾಡುವುದು ಸಗಟು ಮಸಾಲೆ ತರಿಸಿ, ಸಣ್ಣ ಪೊಟ್ಟಣ ಕಟ್ಟಿ, ಅಂಗಡಿಗಳಿಗೆ ಹಾಕುವ ಕೆಲಸ. ಹೊರಗಿನಿಂದ ಸುಲಭ ಕಾಣುತ್ತದೆ. ಲೆಕ್ಕ ನೋಡಿ. 50 ಕಿಲೋ ಅರಿಸಿನ ಪುಡಿಯ ಚೀಲದಿಂದ 100 ಗ್ರಾಮಿನ ಪೊಟ್ಟಣ 500 ಆಗಬೇಕು. ತುಂಬುವವರ ಕೈ ಪ್ರತಿ ಪೊಟ್ಟಣಕ್ಕೆ 2 ಗ್ರಾಂ ಹೆಚ್ಚಾದರೆ ಚೀಲಕ್ಕೆ ಒಂದು ಕಿಲೋ, ಅಂದರೆ ಹತ್ತು ಪೊಟ್ಟಣ ಹೋಯಿತು. 2 ಗ್ರಾಂ ಕಡಿಮೆಯಾದರೆ ತೂಕದ ಇಲಾಖೆಯವರು ಹಿಡಿಯುತ್ತಾರೆ. ಪುಡಿ ಹಾರುತ್ತದೆ, ಮಳೆಗಾಲದಲ್ಲಿ ತೇವ ಹಿಡಿದು ಗಂಟು ಕಟ್ಟುತ್ತದೆ, ಸೀಲು ಸರಿಯಾಗಿ ಕೂರದಿದ್ದರೆ ಪೊಟ್ಟಣ ವಾಪಸ್ ಬರುತ್ತದೆ.

ಇದಕ್ಕಿಂತ ದೊಡ್ಡದು ಉಧಾರಿ. ಕಿರಾಣಿ ಅಂಗಡಿಯವರು ಕೈಮೇಲೆ ದುಡ್ಡು ಕೊಡುವುದಿಲ್ಲ. ಹೊಸ ಮಾಲು ಇಳಿಸಿದಾಗ ಹಳೆಯ ಬಿಲ್ಲು ಕೊಡುತ್ತಾರೆ. ಒಂದು ಸುತ್ತಿನ ಮಾಲು ಯಾವಾಗಲೂ ಬಜಾರಿನಲ್ಲೇ ಸಿಕ್ಕಿಕೊಂಡಿರುತ್ತದೆ, ಅಂಗಡಿ ಹೆಚ್ಚಾದಷ್ಟೂ ಸಿಕ್ಕಿಕೊಳ್ಳುವ ಹಣವೂ ಹೆಚ್ಚು. ಇಂಥ ಧಂದೆಯಲ್ಲಿ ಗೆಲ್ಲುವವನು ಒಳ್ಳೆಯ ಮಸಾಲೆ ಮಾಡುವವನಲ್ಲ, ವಸೂಲಿ ಸರಿಯಾಗಿ ಮಾಡುವವನು. ವಸೂಲಿಗೆ ಗಟ್ಟಿ ಆಳುಗಳು ಬೇಕು. ಮಾಲತಿಯ ಒಡವೆಗೆ ಹೋದವರು ಎಲ್ಲಿಂದ ಬಂದರು ಎಂದು ಯೋಚಿಸುವವರು ಇದನ್ನು ನೆನಪಿಡಿ. ಪುಸ್ತಕ ಇಷ್ಟು ಬಿಡಿಸಿ ಹೇಳುವುದಿಲ್ಲ, ಇದು ನನ್ನ ಊಹೆ. ಆದರೆ ಧಂದೆ ಗೊತ್ತಿರುವವರಿಗೆ ಊಹೆ ಕಷ್ಟವಲ್ಲ.

ಇನ್ನೊಂದು ಮಾತು. ಅಪ್ಪ ಪೈಸೆ ಪೈಸೆ ಲೆಕ್ಕ ತಾಳೆ ಹಾಕುವವನು, ಹಳೇ ಮನೆಯಲ್ಲಿ ಲೆಕ್ಕ ತಪ್ಪಿದರೆ ಮನೆಯವರೆಲ್ಲ ಸೇರಿ ಹುಡುಕುವ ಪ್ರಸಂಗವಿದೆ. ಹೊಸ ಮನೆಯಲ್ಲಿ ಯಾರೂ ಯಾವ ಲೆಕ್ಕವನ್ನೂ ಕೇಳುವುದಿಲ್ಲ. ನಿರೂಪಕ ಹೆಸರಿಗೆ ಡೈರೆಕ್ಟರ್, ತಿಂಗಳಿಗೆ ಸಂಬಳ ಬರುತ್ತದೆ, ಕೆಲಸ ಏನೂ ಇಲ್ಲ. ಒಂದೇ ಸಂಸಾರ ಲೆಕ್ಕ ಕೇಳುವುದನ್ನು ಬಿಟ್ಟ ಬಗೆ ಇದು. ನನಗೆ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ ಬದಲಾವಣೆ ಇದೇ.

ಫೋರ್ಟ್ ವಕೀಲೆ

ವಾಶಿಯವರು ಎಲುಬು ತೋರಿಸಿದ್ದಾರೆ, ಕಾನೂನಿನ ಕಡೆಯಿಂದ ನಾನೂ ಸ್ವಲ್ಪ ಸೇರಿಸುತ್ತೇನೆ. “ಅಪ್ಪನನ್ನು ಮನೆಯವರು ಯಾಕೆ ಅಷ್ಟು ನಾಜೂಕಾಗಿ ನೋಡಿಕೊಳ್ಳುತ್ತಾರೆ” ಎಂದು ಕೂಟದಲ್ಲಿ ಒಬ್ಬರು ಕೇಳಿದ್ದರು, ಉತ್ತರ ಬಂದಿರಲಿಲ್ಲ.

ಅಪ್ಪ ಹಾಕಿದ್ದು ತನ್ನ ನೌಕರಿಯ ಹಣ. ಅದು ಸ್ವಯಾರ್ಜಿತ. ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಬರೆದು ಕೊಡಬಹುದು, ಮಠಕ್ಕೂ ಕೊಡಬಹುದು, ಬೀದಿಯವರಿಗೂ ಕೊಡಬಹುದು. ಉಯಿಲು ಬರೆಯಲು ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಅಂದರೆ ಆ ಮನೆಯ ಅರ್ಧ ಸಂಪತ್ತು ಒಬ್ಬ ಸರಳ ಮನಸ್ಸಿನ ಮುದುಕನ ಒಂದು ಹಾಳೆಯ ಮೇಲೆ ನಿಂತಿದೆ. ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು, ಮೂವರಿಗೂ ಸಮಪಾಲು. ತಮ್ಮನಿಗೆ ಏನೂ ಇಲ್ಲ.

ಈಗ ಚಿಕ್ಕಪ್ಪನ ಕಡೆ ನೋಡಿ. ಅವನು ಮದುವೆಯಾಗಿಲ್ಲ. ಅವನಿಗೆ ಹೆಂಡತಿ ಮಕ್ಕಳು ಇಲ್ಲದಷ್ಟು ದಿನ ಅವನ ಪಾಲು ಅಣ್ಣನ ಮನೆ ಬಿಟ್ಟು ಹೋಗುವ ಸಂಭವ ಕಡಿಮೆ. ಹೆಂಡತಿ ಬಂದಳೋ, ಅವಳು ಮೊದಲ ವರ್ಗದ ವಾರಸುದಾರಳು. ಆಮೇಲೆ ಅಣ್ಣನಿಗೆ ದಾರಿಯಿಲ್ಲ. ಬಾಗಿಲ ಮುಂದೆ ಡಬ್ಬಿ ಹಿಡಿದು ನಿಂತ ಹೆಂಗಸನ್ನು ಈ ಕಣ್ಣಿಂದ ಮತ್ತೊಮ್ಮೆ ನೋಡಿ. ಅಮ್ಮ, ಮಾಲತಿ ಬಾಯಿಗೆ ಬಂದಂತೆ ಬೈಯುವುದನ್ನು ಮಾನ ಮರ್ಯಾದೆಯ ಸಿಟ್ಟು ಎಂದು ಬಳಗದ ಹೆಚ್ಚಿನವರು ಓದಿದ್ದರು. ಆ ಇಬ್ಬರಿಗೆ ಕಾಯ್ದೆಯ ಸೆಕ್ಷನ್ ಗೊತ್ತಿರಬೇಕಾಗಿಲ್ಲ. ಮನೆಯೊಳಗೆ ಯಾರು ಬಂದರೆ ತಮ್ಮ ಪಾಲಿಗೆ ಏನಾಗುತ್ತದೆ ಎಂಬುದು ಹೆಂಗಸರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಆದರೆ ಕೋಥ್ರೂಡ್ ಅವರಿಗೆ ಒಂದು ಪ್ರಶ್ನೆ. ಅನಿತಾ ಸೊಸೆ. ಗಂಡ ಇರುವಷ್ಟು ದಿನ ಮಾವನ ಆಸ್ತಿಯಲ್ಲಿ ಸೊಸೆಗೆ ನೇರ ಪಾಲಿಲ್ಲ. ಹಣದ ದೃಷ್ಟಿಯಿಂದ ಅವಳು ಯಾರಿಗೂ ಅಡ್ಡಿಯಲ್ಲ. ಅದರ ಮೇಲೆ, ಮದುವೆಯಾಗಿ 7 ವರ್ಷದೊಳಗೆ ಸೊಸೆ ಅನುಮಾನಾಸ್ಪದವಾಗಿ ಸತ್ತರೆ ಶವಪರೀಕ್ಷೆ, ದಂಡಾಧಿಕಾರಿಯ ವಿಚಾರಣೆ, ಎಲ್ಲವೂ ಗಂಡನ ಮನೆಯ ಬಾಗಿಲಿಗೇ ಬರುತ್ತದೆ. ಚಿಕ್ಕಪ್ಪನಂಥ ವ್ಯವಹಾರಸ್ಥ ಅಷ್ಟು ದೊಡ್ಡ ಅಪಾಯವನ್ನು ಯಾತಕ್ಕಾಗಿ ಮೈಮೇಲೆ ಎಳೆದುಕೊಳ್ಳುತ್ತಾನೆ?

ಕೋಥ್ರೂಡ್ ಪುಣೆ

ವಕೀಲ ಬಾಯಾರ, ಛಲೋ ಪ್ರಶ್ನೆ. ರೊಕ್ಕದ ಪಾಲು ಇಲ್ಲ ಖರೆ. ಆದ್ರ ಡಬ್ಬಿ ಪ್ರಸಂಗದಾಗ ಎಲ್ಲಾ ನೋಡಿ, ಬಾಯಿ ಮುಚ್ಚಿಕೊಳ್ಳಲಾರದಾಕಿ ಆಕಿ ಒಬ್ಬಾಕೀನ. ಈ ಮನಿ ನಡಿಯೋದು ಯಾರೂ ಬಾಯಿ ಬಿಡದ ಇರೋದ್ರ ಮ್ಯಾಲೆ. ಅಪ್ಪ ಬಾಯಿ ಬಿಡಂಗಿಲ್ಲ, ಮಗ ಬಿಡಂಗಿಲ್ಲ. ಆಕಿ ಬಿಡ್ತಾಳ. ಪಾಲು ಕೇಳೋರಿಗಿಂತ ಸಾಕ್ಷಿ ಹೇಳೋರು ಜಾಸ್ತಿ ತೊಂದರಿ.

ಅಪಾಯದ ಮಾತು ಬಂದ್ರ, ಹಿಂದಿನ ದಿನದ ಹರಟಿ ಅದಕ್ಕ ಉತ್ತರ. ಏನೂ ಆಗಂಗಿಲ್ಲ ಅನ್ನೋ ಧೈರ್ಯ ಅಲ್ಲಿ ಕೂತವರ ಮಾತಿನಾಗ ಅದ.

ಮುಲುಂಡ್ ತುಳುವ

ಭಾಷೆಯ ಕಡೆಯಿಂದ ಒಂದು ವಿಷಯ. ನಿರೂಪಕನಿಗೆ ಹೆಸರಿಲ್ಲ. ಹೆಚ್ಚಿನ ಕಡೆ ಅವನು “ನಾವು” ಎಂದೇ ಮಾತಾಡುತ್ತಾನೆ. ಕನ್ನಡದಲ್ಲಿ “ನಾವು” ಒಂದೇ. ನಮ್ಮ ತುಳುವಿನಲ್ಲಿ ಎರಡು: ಎದುರಿಗಿದ್ದವರನ್ನು ಸೇರಿಸಿದರೆ “ನಮ”, ಬಿಟ್ಟರೆ “ಎಂಕುಲು”. ಮರಾಠಿಯಲ್ಲೂ ಹಾಗೇ, “ಆಪಣ” ಮತ್ತು “ಆಮ್ಹೀ”. ಮುಂಬಯಿಯಲ್ಲಿ ಓದುವ ನಮಗೆ ಇದು ಒಳ್ಳೆಯ ಸಾಧನ. ನಿರೂಪಕನ “ನಾವು” ಇರುವ ಪ್ಯಾರಾವನ್ನು ತುಳುವಿಗೋ ಮರಾಠಿಗೋ ತಿರುಗಿಸಿ ನೋಡಿ. “ಎಂಕುಲು” ಎಂದು ಬಂದರೆ ಅನಿತಾ ಹೊರಗೆ ಎಂದರ್ಥ. ಹೀಗೆ ಪುಸ್ತಕ ಪೂರ್ತಿ ಪರೀಕ್ಷಿಸಿದರೆ ಅವಳು ಯಾವಾಗ ಹೊರಗಾದಳು ಎಂದು ತಿಳಿಯುತ್ತದೆ.

ಮಡಗಾಂವ್

ಮುಲುಂಡ್ ಅವರೇ, ಸಾಧನ ಒಳ್ಳೆಯದೇ, ಆದರೆ ಹಿಡಿದ ಜಾಗ ಸ್ವಲ್ಪ ತಪ್ಪಿದೆ. ಎಂಕುಲು, ನಮ ಎಂಬ ಭೇದ ಇರುವುದು ಮಾತು ಕೇಳುವವರನ್ನು ಸೇರಿಸುವುದೋ ಬಿಡುವುದೋ ಎಂಬುದರಲ್ಲಿ. ನಿರೂಪಕ ಮಾತಾಡುತ್ತಿರುವುದು ಓದುಗರ ಹತ್ತಿರ. ಓದುಗ ಆ ಮನೆಯವನಲ್ಲ. ಆದ್ದರಿಂದ ನಿರೂಪಣೆಯ “ನಾವು” ಪೂರ್ತಿ ಪುಸ್ತಕದಲ್ಲಿ “ಎಂಕುಲು”, “ಆಮ್ಹೀ” ಎಂದೇ ಆಗುತ್ತದೆ. ಅದರಿಂದ ಅನಿತಾಳ ಬಗ್ಗೆ ಏನೂ ತಿಳಿಯುವುದಿಲ್ಲ.

ಪರೀಕ್ಷೆ ಮಾಡಬೇಕಾದದ್ದು ಸಂಭಾಷಣೆಯ ಮೇಲೆ. ಮನೆಯವರು ಅನಿತಾಳ ಎದುರಿಗೇ ಆಡುವ “ನಮ್ಮ ಮನೆ”, “ನಮ್ಮಲ್ಲಿ” ಎಂಬ ಮಾತುಗಳನ್ನು ಮಾತ್ರ ಆರಿಸಿ. ಅದನ್ನು ಮರಾಠಿ ಮಾಡುವಾಗ “ಆಪಲ್ಯಾ ಘರಾತ್” ಬರುತ್ತದೆಯೋ “ಆಮ್ಚ್ಯಾ ಘರಾತ್” ಬರುತ್ತದೆಯೋ? ಮೊದಲನೆಯದಾದರೆ ಸೊಸೆ ಒಳಗಿನವಳು, ಎರಡನೆಯದಾದರೆ ಹೊರಗಿನವಳು. ಕನ್ನಡ ಇದನ್ನು ಮುಚ್ಚಿಟ್ಟುಕೊಂಡಿರುತ್ತದೆ, ತಿರುಗಿಸಲು ಹೊರಟಾಗ ನೀವೇ ನಿರ್ಧಾರ ಮಾಡಬೇಕಾಗುತ್ತದೆ. ಆ ನಿರ್ಧಾರಕ್ಕೆ ಕಾರಣ ಹುಡುಕುವಾಗ ಪ್ರಸಂಗ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನನ್ನ ಹತ್ತಿರ ಇರುವುದು ಇಂಗ್ಲಿಷ್ ಪ್ರತಿ. ಅದರಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ ಎಂಬ ಪದಗಳನ್ನು ಹಾಗೇ ಉಳಿಸಿದ್ದಾರೆ, ಒಳ್ಳೆಯ ಕೆಲಸ. ಆದರೆ ಕನ್ನಡ ಗೊತ್ತಿಲ್ಲದವರಿಗೆ ‘ಚಿಕ್ಕಪ್ಪ’ ಒಬ್ಬ ಮನುಷ್ಯನ ಹೆಸರಾಗಿ ಕೇಳುತ್ತದೆ. ಕನ್ನಡದವರಿಗೆ ಆ ಪದದೊಳಗೆ ‘ಅಪ್ಪ’ ಕೇಳುತ್ತದೆ. ದುಡಿಯುವವನು ಚಿಕ್ಕವನು, ಅಪ್ಪ ಎಂಬ ಜಾಗ ನಿಧಾನವಾಗಿ ಅವನಿಗೆ ಹೋಗಿದೆ ಎಂಬುದನ್ನು ಪದವೇ ಹೇಳುತ್ತಿದೆ. ಕನ್ನಡ ಪ್ರತಿ ಇರುವವರು ಒಂದು ಕೆಲಸ ಮಾಡಿ: ಯಾರ ಬಗ್ಗೆ ಏಕವಚನ, ಯಾರ ಬಗ್ಗೆ ಬಹುವಚನ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ತನ್ನಿ. ಇಂಗ್ಲಿಷಿನಲ್ಲಿ ಅದು ಪೂರ್ತಿ ಅಳಿಸಿಹೋಗಿರುತ್ತದೆ, ನಮಗೆ ಹೇಳುವವರು ನೀವೇ.

ಮುಲುಂಡ್ ತುಳುವ

ಹೌದು, ಕೇಳುವವರು ಯಾರು ಎಂಬುದನ್ನು ನಾನು ಗಮನಿಸಿರಲಿಲ್ಲ. ಸಂಭಾಷಣೆಯಲ್ಲೇ ನೋಡುತ್ತೇನೆ. ಡಬ್ಬಿಯ ಪ್ರಸಂಗ ಮುಗಿದ ಮೇಲೆ ಅನಿತಾಳಿಗೂ ಮನೆಯವರಿಗೂ ನಡೆಯುವ ಮಾತನ್ನು ತುಳುವಿನಲ್ಲಿ ಬರೆದು ತರುತ್ತೇನೆ.

ಅಂಧೇರಿ ಓದುಗಿ

ಅನಿತಾಳನ್ನು ಎಲ್ಲರೂ ನ್ಯಾಯದೇವತೆ ಮಾಡುತ್ತಿದ್ದೀರಿ. ಪುಸ್ತಕದಲ್ಲಿ ಅವಳ ಮಾತು ಮೊನಚು, ಗಂಡನನ್ನು ಹಂಗಿಸುತ್ತಾಳೆ, ಅತ್ತೆಯನ್ನು ಕೆಣಕುತ್ತಾಳೆ. ಅವಳನ್ನು ಅಷ್ಟು ಸುಲಭದಲ್ಲಿ ಮೆಚ್ಚಲು ಲೇಖಕರು ಬಿಟ್ಟಿಲ್ಲ, ಅದೇ ಈ ಬರವಣಿಗೆಯ ಗಟ್ಟಿತನ. ಮೆತ್ತಗಿನ, ಕಣ್ಣೀರು ಹಾಕುವ ಸೊಸೆಯಾಗಿದ್ದರೆ ಓದುಗರೆಲ್ಲ ಒಂದೇ ಪಕ್ಷಕ್ಕೆ ಬರುತ್ತಿದ್ದರು, ಬಳಗ ಎರಡಾಗುತ್ತಲೇ ಇರಲಿಲ್ಲ.

ಆದರೆ ಒಂದನ್ನು ನೋಡಿ. ಅವಳು ಮೊನಚಾಗಿ ಮಾತಾಡುತ್ತಾಳೆ ಎಂದು ನಮಗೆ ಹೇಳುತ್ತಿರುವವನು ಯಾರು? ಗಂಡ. ಅವನ ಹಿಂದಿನ ಸ್ನೇಹಿತೆ ಚಿತ್ರಾ ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯವಳು. ಹೆಂಗಸರ ಮೇಲಾಗುವ ಹಿಂಸೆಯ ಕಥೆಗಳನ್ನು ಅವಳು ಹೇಳುತ್ತಿದ್ದಳು. ಅವನು ಜಗಳವನ್ನೂ ಆಡದೆ ಅವಳನ್ನು ಕಾಣುವುದನ್ನೇ ನಿಲ್ಲಿಸಿದ. ಡೊಂಬಿವಲಿಯವರು ಚಿತ್ರಾ ಬಂದು ಹೋಗುತ್ತಾಳೆ, ತಿರುಗಿ ನಿಲ್ಲುವುದಿಲ್ಲ ಎಂದರು. ಅವಳು ತಿರುಗಿ ಬರದಿರುವುದೇ ಅವಳ ಪಾತ್ರದ ಕೆಲಸ. ತನಗೆ ಕೇಳಲು ಇಷ್ಟವಿಲ್ಲದ್ದನ್ನು ಹೇಳುವ ಹೆಂಗಸಿನಿಂದ ಸದ್ದಿಲ್ಲದೆ ಸರಿದುಹೋಗುವುದು ಇವನಿಗೆ ಮೊದಲಿನಿಂದ ಅಭ್ಯಾಸ. ಒಂದು ಸಲ ಸರಿದುಹೋಗಲು ಸಾಧ್ಯವಾಯಿತು. ಹೆಂಡತಿಯಿಂದ ಹಾಗೆ ಸರಿಯಲು ಬರುವುದಿಲ್ಲ.

ಡೊಂಬಿವಲಿ ಪೂರ್ವ

ಚಿತ್ರಾಳ ಬಗ್ಗೆ ಅಂಧೇರಿಯವರು ಹೇಳಿದ್ದನ್ನು ಒಪ್ಪುತ್ತೇನೆ, ಆ ಭಾಗವನ್ನು ಅವಸರದಲ್ಲಿ ದಾಟಿದ್ದೆ. ವಕೀಲ ಮೇಡಂ ಡಬ್ಬಿಯ ಪ್ರಸಂಗಕ್ಕೆ ಕೊಟ್ಟ ಅರ್ಥವೂ ಸರಿಯೇ.

ಕೊನೆಯ ಬಗ್ಗೆ ನನ್ನ ಮಾತು ಹಾಗೇ ಇದೆ. ಸಾಕ್ಷಿಗಳನ್ನು ಅಷ್ಟು ಜತನದಿಂದ ಜೋಡಿಸಿದ ಲೇಖಕ ಕೊನೆಗೆ ಬರುವಾಗ ಗಾಜು, ರಕ್ತ ಎಂಬ ಸಂಕೇತಕ್ಕೆ ಯಾಕೆ ಹೋಗಬೇಕು? ಇರುವೆ, ಡಬ್ಬಿ, ಲಾಡಿಯ ಗಂಟು, ಇವೆಲ್ಲ ನಿಜವಾದ ವಸ್ತುಗಳು. ಕೊನೆಯ ಲೋಟ ನನಗೆ ನಿಜವಾದ ಲೋಟ ಅನ್ನಿಸಲಿಲ್ಲ.

ಮಡಗಾಂವ್

ಲಾಡಿಯ ಗಂಟು ಎಂದಿರಿ, ಅಲ್ಲಿಂದಲೇ ಉತ್ತರ ಹೇಳಬಹುದು. ಊಟಿಯಲ್ಲಿ ಹೊಸ ಮದುವಣಗಿತ್ತಿಯ ಲಂಗದ ಲಾಡಿ ಗಂಟಾಗಿದೆ. ಲಾಡಿಯ ಗಂಟು ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಜಾರುಗಂಟಿನ ಒಂದು ತುದಿ ಎಳೆದರೆ ಬಿಚ್ಚಬೇಕು, ಅವಸರದಲ್ಲಿ ತಪ್ಪು ತುದಿ ಎಳೆದರೆ ಕುಣಿಕೆಯೊಳಗೆ ಕುಣಿಕೆ ಸಿಕ್ಕಿ ಕಲ್ಲಾಗುತ್ತದೆ. ಆಮೇಲೆ ಎಳೆದಷ್ಟೂ ಬಿಗಿ. ಎಳೆಯುವುದನ್ನು ನಿಲ್ಲಿಸಿ, ಪಿನ್ನಿನಿಂದಲೋ ಉಗುರಿನಿಂದಲೋ ಒಂದೊಂದೇ ಎಳೆ ಸಡಿಲಿಸಬೇಕು. ಆಗ ಅವಳ ಬಾಯಿಂದ ‘ಘಾಚರ್ ಘೋಚರ್’ ಎಂಬ ಪದ ಬರುತ್ತದೆ. ಅವಳ ತವರಿನ ನಾಲ್ಕು ಜನರಿಗೆ ಮಾತ್ರ ಗೊತ್ತಿದ್ದ ಪದ, ಮಕ್ಕಳು ಕಟ್ಟಿಕೊಂಡದ್ದು, ಯಾವ ಭಾಷೆಯದೂ ಅಲ್ಲ. ಆದ್ದರಿಂದಲೇ ಅನುವಾದದಲ್ಲೂ ಹಾಗೇ ಉಳಿದಿದೆ.

ಅವಳು ಆ ಪದವನ್ನು ಗಂಡನಿಗೆ ಕೊಟ್ಟಳು. ಇಡೀ ಪುಸ್ತಕದಲ್ಲಿ ಅವನಿಗೆ ಅವಳಿಂದ ಸಿಕ್ಕಿದ್ದು ಅದೊಂದೇ. ಕೊನೆಯಲ್ಲಿ ಅವನ ಮನಸ್ಸಿಗೆ ಬರುವ ಪದವೂ ಅದೇ. ಲೋಟ ಸಂಕೇತವೋ ನಿಜವೋ ಎಂದು ನಾನು ಹಟ ಹಿಡಿಯುವುದಿಲ್ಲ. ಅವಳ ಮನೆಯ ಪದವನ್ನು ಬಳಸದೆ ಅವನಿಗೆ ತನ್ನ ಸ್ಥಿತಿ ಹೇಳಿಕೊಳ್ಳಲು ಬೇರೆ ಪದ ಇಲ್ಲ ಎಂಬುದನ್ನು ಮಾತ್ರ ನೋಡಿ. ಅವಳು ಎಲ್ಲಿದ್ದಾಳೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ರಕ್ತದಲ್ಲಿ ಅಲ್ಲ, ಆ ಪದದಲ್ಲಿ.

ಮಾಟುಂಗಾ ಓದುಬಳಗ

ಮಾತು ಹದಕ್ಕೆ ಬಂದಿದೆ. ಮುಂದಿನ ಕೂಟ ಹೇಗೆ ನಡೆಸುವುದು ಎಂದು ಈಗಲೇ ತೀರ್ಮಾನಿಸೋಣ. ಕಳೆದ ಸಲ ಕೆಟ್ಟದ್ದು ಎರಡು ಕಡೆ. ಮೊದಲು ಮಾತಾಡಿದವರು “ಕೊಲೆಯೇ ಆಗಿದೆ” ಎಂದು ಜೋರಾಗಿ ಹೇಳಿಬಿಟ್ಟರು, ಆಮೇಲೆ ಬಂದ ಮಾತೆಲ್ಲ ಅದಕ್ಕೆ ಹೌದು ಅಥವಾ ಅಲ್ಲ ಎನ್ನುವುದಷ್ಟೇ ಆಯಿತು. ಎರಡನೆಯದು, ಅತ್ತೆ ಸೊಸೆ ಎಂದ ಕೂಡಲೇ ಚರ್ಚೆ ಪುಸ್ತಕ ಬಿಟ್ಟು ಮನೆಮನೆಯ ವಿಷಯಕ್ಕೆ ಇಳಿಯಿತು.

ಈ ಸಲ ಬಾಯಿ ತೆರೆಯುವ ಮೊದಲು ಎಲ್ಲರಿಗೂ ಒಂದು ಚೀಟಿ. ಅನಿತಾ ತಿರುಗಿ ಬರುತ್ತಾಳೆ, ಬರುವುದಿಲ್ಲ, ಪುಸ್ತಕ ಹೇಳುವುದಿಲ್ಲ, ಮೂರರಲ್ಲಿ ಒಂದು ಬರೆದು, ಕೆಳಗೆ ಒಂದು ಪ್ರಸಂಗದ ಹೆಸರು. ಚೀಟಿ ಮಡಚಿ ಡಬ್ಬಿಗೆ ಹಾಕಬೇಕು, ಕೂಟದ ಕೊನೆಯಲ್ಲಿ ಅದೇ ಪ್ರಶ್ನೆಗೆ ಇನ್ನೊಂದು ಚೀಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರ ಮನಸ್ಸು ಯಾವ ಪ್ರಸಂಗದಿಂದ ತಿರುಗಿತು ಎಂದು ತಿಳಿಯುತ್ತದೆ. ಮಧ್ಯದ ಸಮಯವನ್ನು ಆರು ಪ್ರಸಂಗಕ್ಕೂ ಹಂಚಿದರೆ ಏನೂ ಆಗುವುದಿಲ್ಲ. ಮೂರೇ ಸಾಕು: ಇರುವೆ 20 ನಿಮಿಷ, ಡಬ್ಬಿ 40, ಕೊನೆ 30. ಡಬ್ಬಿಗೆ ಹೆಚ್ಚು ಹೊತ್ತು, ಯಾಕೆಂದರೆ ಮನೆಯವರೆಲ್ಲ ಒಂದೇ ಕಡೆ ಇರುವುದು, ಒಬ್ಬೊಬ್ಬರೂ ಏನು ಮಾಡಿದರು, ಏನು ಮಾಡಲಿಲ್ಲ ಎಂಬುದು ಕಾಣುವುದು ಅಲ್ಲೇ. ಪ್ರತಿ ಪ್ರಸಂಗವನ್ನೂ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದುವುದು, ಇಂಗ್ಲಿಷ್ ಪ್ರತಿಯವರು ಕಣ್ಣಲ್ಲೇ ಜೊತೆಗೆ ಸಾಗಿ, ಬೇರೆಯಾದ ಜಾಗದಲ್ಲಿ ಕೈ ಎತ್ತುವುದು. ಗಟ್ಟಿಯಾಗಿ ಓದುವವರು ನಿಧಾನವಾಗಿ ಓದಿ, ನಾಟಕ ಮಾಡಬೇಡಿ. ಅಮ್ಮನ ಬೈಗುಳಕ್ಕೆ ಓದುವವರೇ ದನಿ ಏರಿಸಿದರೆ ಸಿಟ್ಟು ಯಾರದು, ಹೆದರಿಕೆ ಯಾರದು ಎಂದು ಕೇಳುವವರಿಗೆ ಬೇರ್ಪಡಿಸಲು ಆಗುವುದಿಲ್ಲ.

ತಮ್ಮ ಮನೆಯ ವಿಷಯ ತೆಗೆದವರಿಗೆ ಒಂದೇ ಪ್ರಶ್ನೆ ಕೇಳೋಣ: ಇದು ಪುಸ್ತಕದ ಯಾವ ಸಾಲಿನಲ್ಲಿದೆ? ಸಾಲು ತೋರಿಸಿದರೆ ಮುಂದುವರಿಯಲಿ.

ಭಾನುವಾರ ಮಧ್ಯ ರೈಲ್ವೆಯ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆ ಗಾಡಿ ತಡೆಯುವ ಹೊತ್ತು, ನೋಡಿಕೊಂಡು ಹೊರಡಿ. ಡೊಂಬಿವಲಿ, ಮುಲುಂಡ್ ಕಡೆಯವರಿಗೆ ಫಾಸ್ಟ್ ಗಾಡಿ ಸ್ಲೋ ಮಾರ್ಗಕ್ಕೆ ಬಿದ್ದರೆ ತಡವಾಗುತ್ತದೆ. ನೀವು ಬಂದ ಮೇಲೆಯೇ ಚೀಟಿ ಹಂಚುತ್ತೇವೆ. ಪುಣೆ, ಮಡಗಾಂವ್ ಅವರಿಗೆ ಫೋನಿನಲ್ಲಿ ಸೇರುವ ವ್ಯವಸ್ಥೆ ಇರುತ್ತದೆ, ಚೀಟಿಯನ್ನು ಮೊದಲೇ ಕಳಿಸಿ.

ವಾಶಿ ಮಸಾಲಾ ಬಜಾರ್

ಹಳೇ ಮನೆಯಲ್ಲಿ ಎಲ್ಲರೂ ಕೂತು ಲೆಕ್ಕ ಹುಡುಕುವ ಭಾಗಕ್ಕೂ 10 ನಿಮಿಷ ಕೊಡಿ. ಅದನ್ನು ಕೇಳದೆ ಡಬ್ಬಿಗೆ ಹೋದರೆ ಈ ಜನ ಮೊದಲು ಹೇಗಿದ್ದರು ಎಂಬುದೇ ತಪ್ಪಿಹೋಗುತ್ತದೆ. ಆ ಪುಟಗಳಲ್ಲಿ ಈ ಮನೆಯವರ ಮೇಲೆ ನನಗೆ ಬಹಳ ಪ್ರೀತಿ ಬರುತ್ತದೆ. ಆ ಪ್ರೀತಿ ಇರುವುದರಿಂದಲೇ ಮುಂದಿನದು ನೋವು ಕೊಡುತ್ತದೆ.

ಮಾಟುಂಗಾ ಓದುಬಳಗ

ಆಯಿತು, ಇರುವೆಯ 20ರಲ್ಲಿ 10 ಲೆಕ್ಕಕ್ಕೆ. ಎರಡೂ ಒಂದೇ ಮನೆಯಲ್ಲಿ ನಡೆಯುವಂಥವು, ಒಟ್ಟಿಗೆ ಓದಬಹುದು.

ಡೊಂಬಿವಲಿ ಪೂರ್ವ

ಕೊನೆಯ 30 ನಿಮಿಷಕ್ಕೆ ಒಂದು ಸೂಚನೆ. ಮಡಗಾಂವ್ ಅವರ ಮಾತು ಓದಿದ ಮೇಲೆ ಪುಸ್ತಕವನ್ನು ಮತ್ತೆ ತೆರೆದು ವಿನ್ಸೆಂಟನ ಭಾಗಗಳನ್ನಷ್ಟೇ ನೋಡಿದೆ. ಕಾಫಿ ಹೌಸಿನ ಆ ಮಾಣಿ ಸಾಧಾರಣ ಮಾತಾಡುತ್ತಾನೆ, ನಿರೂಪಕ ಅದನ್ನು ಗುರುವಿನ ಮಾತಿನಂತೆ ಹಿಡಿದುಕೊಳ್ಳುತ್ತಾನೆ. ಮನೆಯಲ್ಲಿ ಯಾರನ್ನೂ ಕೇಳಲಾಗದ್ದನ್ನು ಇಲ್ಲಿ ಬಂದು ಕೇಳುತ್ತಾನೆ, ಅದೂ ಬಾಯಿ ಬಿಟ್ಟು ಅಲ್ಲ. ಮೊದಲ ಅಧ್ಯಾಯದಿಂದ ಕೊನೆಯ ಪುಟದವರೆಗೆ ಅವನು ಅದೇ ಕುರ್ಚಿಯಲ್ಲಿ ಕೂತಿದ್ದಾನೆ, ಉಳಿದದ್ದೆಲ್ಲ ನೆನಪು. ಅವನು ಎದ್ದು ಮನೆಗೆ ಹೋಗುತ್ತಿಲ್ಲ. ಫೋನು ಮಾಡಿ ಕೇಳುತ್ತಿಲ್ಲ. ಅಷ್ಟು ಹೊತ್ತು ಯಾಕೆ ಕೂತಿದ್ದಾನೆ ಎಂದು ನಾನು ಮೊದಲ ಓದಿನಲ್ಲಿ ಕೇಳಿಕೊಂಡಿರಲಿಲ್ಲ.

ಮೊದಲ ಅಧ್ಯಾಯದಲ್ಲಿ ವಿನ್ಸೆಂಟ್ ಬರುವ ಭಾಗವನ್ನು ನಾನು ಓದುತ್ತೇನೆ. ಅದು ಮುಗಿದ ಕೂಡಲೇ, ನಡುವೆ ಯಾರೂ ಮಾತಾಡದೆ, ಕೋಥ್ರೂಡ್ ಅವರು ಫೋನಿನಲ್ಲಿ ಕೊನೆಯ ಪುಟ ಓದಲಿ.

ಕೋಥ್ರೂಡ್ ಪುಣೆ

ಓದ್ತೀನ್ರಿ. ಇಂಗ್ಲಿಷ್ ಪ್ರತಿಯವರು ಆ ಎರಡೂ ಜಾಗಕ್ಕ ಮೊದಲೇ ಚೀಟಿ ಇಟ್ಕೊಂಡು ಬರ್ರಿ. ನಡುವ ಪುಟ ತಿರುವೋ ಸಪ್ಪಳ ಬ್ಯಾಡ.